ಮಾಮಾ ಅನ್ನಲು ಹೆದರಿದ ಶಾಂತವ್ವ

ನಮ್ಮ ಪಕ್ಕದ ಮನೆಯ ಶಾಂತವ್ವನಿಗೆ ದಿಗಿಲು ಹುಟ್ಟಿಸಿದ್ದು ಸಾವಿರ ವರ್ಷದ ಹಿಂದೆ ಸತ್ತ ಯುರೋಪಿನ ಒಬ್ಬ ಕತಲಾನ್ ದೊರೆ ಅಂದರೆ ನೀವು ನಗಬಹುದು. ಮೊದಲು ನಾನೂ ನಕ್ಕವಳೇ.

ಅವಳು ಹುಬ್ಬಳ್ಳಿ ಕಡೆಯವಳು. ಈಗ ಟೆಕ್ಸಸ್‌ನ ಜಾರ್ಜ್‌ಟೌನ್‌ನ ಮನೆಯಲ್ಲಿ ಜೋಳದ ರೊಟ್ಟಿ ಬಡಿಯುತ್ತಾಳೆ, ಗಂಡ ಹಾಲಪ್ಪ ಅವನ್ನು ದೂರದ ಕ್ಯಾರಲ್ಟನ್ನಿನ ಇಂಡಿಯನ್ ಅಂಗಡಿಗಳಿಗೆ ವ್ಯಾನಿನಲ್ಲಿ ಒಯ್ಯುತ್ತಾನೆ. ಹಾಲಪ್ಪ ಅವಳ ಸೋದರಮಾವ. ತೊಟ್ಟಿಲು ತೂಗಿದವನೇ ಮುಂದೆ ತಾಳಿ ಕಟ್ಟಿದ. ಅವಳು ಅವನನ್ನು ಕರೆಯುವುದು ಚಿಕ್ಕಂದಿನಿಂದಲೂ ‘ಮಾಮಾ’ ಅಂತಲೇ. ನಮ್ಮ ಕಡೆ ಇದರಲ್ಲಿ ಹುಬ್ಬೇರಿಸುವಂಥದ್ದು ಏನಿದೆ, ಹೇಳಿ.

ಮಗಳು ನಿಧಿ ಆಸ್ಟಿನ್‌ನಲ್ಲಿ ಇತಿಹಾಸದ ಸಂಶೋಧನೆ ಮಾಡುತ್ತಾಳೆ. ಒಂದು ಭಾನುವಾರ ಊಟಕ್ಕೆ ನನ್ನನ್ನೂ ಕೂರಿಸಿಕೊಂಡು ಕಾಲೇಜಿನಲ್ಲಿ ಮಾಡಬೇಕಿದ್ದ ತನ್ನ ಭಾಷಣ ಹೇಳಿ ತೋರಿಸಿದಳು. ಗಾಲ್ಸೆರಾನ್ ಅಂತ ದೊರೆ. ಬೆಟ್ಟದ ಕಣಿವೆಯೊಂದನ್ನು ಆಳಿದ. ದಾಳಿ ಬಂದವರನ್ನು ಓಡಿಸಿದ, ಪಾಳುಬಿದ್ದ ಹಳ್ಳಿಗಳಿಗೆ ಜನ ಕರೆತಂದು ದ್ರಾಕ್ಷಿ ನೆಡಿಸಿದ, ಬಡವರ ನ್ಯಾಯಕ್ಕೆ ತಾನೇ ಕೂರುತ್ತಿದ್ದ. ಆದರೆ ಅಕ್ಕನ ಮಗಳನ್ನು ಮದುವೆಯಾದ. ಅದು ಪಾಪವೆಂದು ಬಿಷಪ್ ಬಹಿಷ್ಕಾರ ಹಾಕಿದ. ಚರ್ಚಿನ ಗಂಟೆ ನಿಂತವು, ಹೆಣಕ್ಕೆ ಮಣ್ಣು ಸಿಗಲಿಲ್ಲ. ಜನ ನಡುಗಿದರು, ಕೊನೆಗೆ ದೊರೆಯೂ ನಡುಗಿದ. ಹೆಂಡತಿಯನ್ನು ಸನ್ಯಾಸಿನಿಯರ ಮಠಕ್ಕೆ ಕಳಿಸಿ, ಸಾಯುವ ತನಕ ಒಬ್ಬನೇ ಆಳಿದ.

ಶಾಂತವ್ವನ ಕೈಯಲ್ಲಿ ತುತ್ತು ಹಾಗೇ ನಿಂತಿತು.

“ಈ ದೇಶದಾಗ ಹ್ಯಾಂಗ?”

“ಟೆಕ್ಸಸ್‌ನಾಗೂ ಅಂಥಾ ಮದುವಿ ಲೀಗಲ್ ಅಲ್ಲವ್ವಾ,” ಅಂದಳು ನಿಧಿ, ತಲೆ ಎತ್ತದೆ. ಆಮೇಲೆ ನಾಲಿಗೆ ಕಚ್ಚಿಕೊಂಡಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಅವರ ಗ್ರೀನ್ ಕಾರ್ಡ್ ಇನ್ನೂ ಬಂದಿರಲಿಲ್ಲ. “ಗೊತ್ತಾತಂದ್ರ ನಮ್ಮನ್ನ ಅಗಲಸ್ತಾರೇನ್ರಿ, ಚಂದ್ರಮ್ಮಾರ?” ಅಂತ ಬೇಲಿಯ ಹತ್ತಿರ ನನ್ನನ್ನು ಕೇಳಿದಳು. ಹಾಗೇನೂ ಆಗಲ್ಲ ಅಂದೆ. ಹೇಳುವಾಗ ನನಗೇ ಧೈರ್ಯವಿರಲಿಲ್ಲ. ಕಾಲಿಂಗ್ ಬೆಲ್ ಆದರೆ ಸಾಕು, ಅವಳು ಪರದೆ ಸರಿಸಿ ಇಣುಕುತ್ತಿದ್ದಳು. ಮನೆಯ ಹೊರಗೆ ಗಂಡನನ್ನು ‘ರೀ’ ಅನ್ನತೊಡಗಿದಳು. ಹಾಲಪ್ಪ ತಿರುಗಿಯೂ ನೋಡುತ್ತಿರಲಿಲ್ಲ. “ಯಾರನ್ನ ಕರಿಯಾಕತ್ತಿ?” ಅನ್ನುವವನು, ಪುಣ್ಯಾತ್ಮ.

ಭಾಷಣದ ದಿನ ಗಂಡಹೆಂಡತಿ ಇಬ್ಬರನ್ನೂ ಆಸ್ಟಿನ್‌ಗೆ ನಾನೇ ಕರೆದೊಯ್ದೆ. ಪಾರ್ಕಿಂಗ್‌ನಲ್ಲಿ ನಿಧಿ ತನ್ನ ಪ್ರೊಫೆಸರ್ ಜೊತೆ ಕಾಯುತ್ತಿದ್ದಳು. ಹಾಲಪ್ಪ ಕಟ್ಟಡ ನೋಡುತ್ತಾ ಮುಂದೆ ನಡೆದಿದ್ದ. ಅಷ್ಟರಲ್ಲಿ ಒಂದು ದೊಡ್ಡ ಟ್ರಕ್ ಹಿಮ್ಮುಖವಾಗಿ ಅವನತ್ತಲೇ ಬಂತು.

“ರೀ,” ಅಂದಳು ಶಾಂತವ್ವ. ಅವನು ತಿರುಗಲಿಲ್ಲ. “ರೀ, ರೀ,” ಅಂದಳು. ಟ್ರಕ್ ನಿಲ್ಲಲಿಲ್ಲ.

“ಮಾಮಾ!”

ಹಾಲಪ್ಪ ಗಕ್ಕನೆ ತಿರುಗಿ ಹಿಂದಕ್ಕೆ ಸರಿದ. ಟ್ರಕ್ ಅವನ ಅಂಗಿ ಸವರಿಕೊಂಡು ಹೋಯಿತು.

ಶಾಂತವ್ವ ಓಡಿಹೋಗಿ ಅವನ ತೋಳು ಹಿಡಿದಳು. ಎಲ್ಲರೂ ನೋಡುತ್ತಿದ್ದರು. ನಿಮ್ಮ ತಾಯಿ ಏನೆಂದು ಕರೆದರು ಅಂತ ಪ್ರೊಫೆಸರ್ ಇಂಗ್ಲಿಷಿನಲ್ಲಿ ನಿಧಿಯನ್ನು ಕೇಳಿದರು. ನಿಧಿ ಅವ್ವನನ್ನು ನೋಡಿದಳು.

“ಏನ್ ಕೇಳಾಕತ್ತಾರ, ನನಗ ತಿಳದೈತಿ,” ಅಂದಳು ಶಾಂತವ್ವ. “ಮಾಮಾ ಅಂದ್ರ ಏನಂತ ಹೇಳವಾ. ನಾ ಯಾವ ಮಠಕ್ಕೂ ಹೋಗೂದಿಲ್ಲ ಅಂತನೂ ಹೇಳು.”

ಹಿಡಿದ ತೋಳನ್ನು ಅವಳು ಬಿಡಲಿಲ್ಲ. ನಿಧಿ ಹೇಳತೊಡಗಿದಳು.