ಮಾಲೆ ಹಾಕಿದವನ ಗಾಳಿ ಹಾಸಿಗೆ

ನೆಮ್ಮಾರಿನ ದೇವಪ್ಪನಿಗೆ ಗುಡ್ಡ ಹತ್ತುವುದೆಂದರೆ ಅಂಗಳ ದಾಟಿದಷ್ಟೇ ಸಲೀಸು. ಗದ್ದೆ ಕೊಯ್ಲು ಮುಗಿದ ಮೇಲೆ ಪೇಟೆಯಿಂದ ಚಾರಣಕ್ಕೆ ಬರುವವರಿಗೆ ದಾರಿ ತೋರಿಸಿ, ಮೇಲೆ ಟೆಂಟ್ ಹಾಕಿಸಿ, ಬಿಸಿ ಗಂಜಿ ಬೇಯಿಸಿ ಹಾಕುವುದು ಅವನ ಚಳಿಗಾಲದ ಕೆಲಸ. ಮಾತು ಕಡಿಮೆ, ಹಟ ಜಾಸ್ತಿ. ಆ ಹಟದ ರುಚಿ ಚೆನ್ನಾಗಿ ಗೊತ್ತಿದ್ದವಳು ಹೆಂಡತಿ ಸೀತಕ್ಕ.

2004ರಲ್ಲಿ ಸೀತಕ್ಕನಿಗೆ ಹೊಟ್ಟೆಯ ದೊಡ್ಡ ಆಪರೇಷನ್ ಆಯಿತು. ಅವಳು ಎದ್ದು ಓಡಾಡಿದರೆ ಐದು ವರ್ಷ ಶಬರಿಮಲೆಗೆ ಬರುತ್ತೇನೆಂದು ದೇವಪ್ಪ ಹರಕೆ ಹೊತ್ತ. ಅವಳು ಎದ್ದಳು, ಗದ್ದೆಗೂ ಇಳಿದಳು. ಅಂದಿನಿಂದ ಪ್ರತಿ ಡಿಸೆಂಬರಿನಲ್ಲಿ ಅವನ ಕೊರಳಿಗೆ ಮಾಲೆ, ಮೈಗೆ ಕಪ್ಪು ಬಟ್ಟೆ. ತಣ್ಣೀರ ಸ್ನಾನ, ಬರಿಗಾಲು, ಮಲಗಲು ಚಾಪೆ ಮಾತ್ರ. ಹಾಸಿಗೆ ಮುಟ್ಟುವ ಹಾಗಿಲ್ಲ. ವ್ರತ ಎಲ್ಲಾದರೂ ತಪ್ಪಿದರೆ ಸೀತಕ್ಕನ ಕಾಯಿಲೆ ಮತ್ತೆ ತಲೆ ಎತ್ತುತ್ತದೆಂಬ ಹೆದರಿಕೆ ಅವನಿಗೆ. ಅದನ್ನು ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ.

ಐದನೆಯ ವರ್ಷದ ಚಳಿ ಮಾತ್ರ ಅವನ ಎದೆಗೇ ಕೈ ಹಾಕಿತು. ಗುಡ್ಡದ ನೆತ್ತಿಯಲ್ಲಿ ಚಾಪೆ ಹಾಸಿ ಮಲಗಿದವನು ಕೆಮ್ಮುವುದನ್ನು ಕೇಳಲಾರದೆ, ಶಿವಮೊಗ್ಗದಿಂದ ವರ್ಷವೂ ಬರುತ್ತಿದ್ದ ವಿವೇಕ ತನ್ನಲ್ಲಿ ಹೆಚ್ಚಿಗಿದ್ದ ಗಾಳಿ ಹಾಸಿಗೆಯೊಂದನ್ನು ಊದಿ ತಂದ.

“ಗಾಳಿ ಜೊತೆ ಒಳಗೆ ಬೆಚ್ಚಗಿನ ನಾರೂ ಇದೆ ಸ್ವಾಮಿ. ನೆಲದ ಥಂಡಿ ಮೈಗೆ ಹತ್ತಲ್ಲ.”

“ಗಾಳಿ ಇರ್ಲಿ, ಹತ್ತಿ ಇರ್ಲಿ, ಹಾಸಿಗೆ ಹಾಸಿಗೆನೇ ಸ್ವಾಮಿ. ನಂಗೆ ಬ್ಯಾಡ.”

ಇಳಿಯುವಾಗ ವಿವೇಕ ಅದರ ಗಾಳಿ ಬಿಟ್ಟು, ಸುರುಳಿ ಸುತ್ತಿ, ಮುಂದಿನ ವಾರ ನಾನು ಬರುವವರೆಗೆ ಇರಲಿ ಎಂದು ದೇವಪ್ಪನ ಚೀಲಕ್ಕೆ ತುರುಕಿದ. ಮನೆಯಲ್ಲಿ ಸೀತಕ್ಕ ಆ ಸುರುಳಿಯನ್ನೂ ಕಂಡಳು, ಕೆಮ್ಮನ್ನೂ ಕೇಳಿದಳು. ಮಾಲೆ ಹಾಕಿದ ಗಂಡನನ್ನು ಬೈಯುವಾಗಲೂ ಸ್ವಾಮಿ ಅನ್ನಲೇಬೇಕು. ಅದೊಂದು ಸಂಕಟ ಅವಳಿಗೆ.

“ಸ್ವಾಮಿ, ನಿಮ್ಗೆ ಎಂತ ತಲೆ ಕೆಟ್ಟಿದ್ಯಾ? ಥಂಡಿಯಲ್ಲಿ ಮಲಗ್ಬೇಡಿ ಅಂತ ಡಾಕ್ಟ್ರು ಹೇಳಿಲ್ವಾ?”

“ವ್ರತ ತಪ್ಪಿದ್ರೆ ನಿಂಗೇ...” ಎಂದವನು ಅಲ್ಲಿಗೇ ನಿಲ್ಲಿಸಿದ.

ಅಷ್ಟು ಸಾಕಾಯಿತು. ಈ ಮನುಷ್ಯ ಇಷ್ಟು ವರ್ಷ ಏನನ್ನು ನುಂಗಿಕೊಂಡಿದ್ದ ಎಂದು ಸೀತಕ್ಕನಿಗೆ ತಿಳಿಯಿತು. ಆದರೂ ಸೋಲುವ ಹೆಂಗಸಲ್ಲ ಅವಳು.

“ಹಂಗಾದ್ರೆ ನಂದೂ ಒಂದು ವ್ರತ. ನೀವು ಗುಡ್ಡದ ಮೇಲೆ ಬರೀ ಚಾಪೆಯಲ್ಲಿ ಮಲಗಿದ ದಿನ, ನಾನಿಲ್ಲಿ ಚಾಪೆನೂ ಇಲ್ದೆ ಸಿಮೆಂಟು ನೆಲದಲ್ಲಿ ಮಲಗ್ತೀನಿ.”

ಹೇಳಿದರೆ ಮಾಡಿಯೇ ತೀರುವವಳು. ಮುಂದಿನ ವಾರ ಗುಡ್ಡದ ಮೇಲೆ ಹೊತ್ತು ಮುಳುಗಿ ಗಾಳಿ ಎದ್ದಾಗ ದೇವಪ್ಪನ ಕಣ್ಣ ಮುಂದೆ ಬಂದದ್ದು ಆ ಸಿಮೆಂಟು ನೆಲ, ಅದರ ಮೇಲೆ ಹೊಲಿಗೆ ಬಿದ್ದ ಹೊಟ್ಟೆಯ ಸೀತಕ್ಕ. ಹಟ ಅಲ್ಲಿಗೆ ಮುರಿಯಿತು. ಚೀಲದಿಂದ ಗಾಳಿ ಹಾಸಿಗೆ ತೆಗೆದು ಕೆನ್ನೆ ನೋಯುವಷ್ಟು ಊದಿದ. ಗಾಳಿ ಅತಿಯಾಗಿ, ಮಲಗಿದೊಡನೆ ಪಕ್ಕಕ್ಕೆ ಉರುಳಿಬಿದ್ದ. ವಿವೇಕ ನಗದೆ ಬಿರಡೆ ತಿರುಗಿಸಿ ಸ್ವಲ್ಪ ಗಾಳಿ ಹೊರಬಿಟ್ಟ. ದೇವಪ್ಪ ಅದರ ಮೇಲೆ ತನ್ನ ಚಾಪೆ ಹಾಸಿದ. ಮೇಲಿರುವುದು ಚಾಪೆಯೇ ಅಲ್ಲವೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಮೆಲ್ಲಗೆ ಬೆನ್ನು ಬೆಚ್ಚಗಾಯಿತು, ಕೆಮ್ಮು ಸುಮ್ಮನಾಯಿತು. ಮನಸ್ಸು ಮಾತ್ರ ಆ ಸಮಾಧಾನಕ್ಕೆ ಒಪ್ಪಲಿಲ್ಲ.

ಜನವರಿಯಲ್ಲಿ ಇರುಮುಡಿ ಹೊತ್ತು ಶಬರಿಮಲೆಗೆ ಹೋದ. ಸಾಲಿನಲ್ಲಿ ನೂಕಿಸಿಕೊಳ್ಳುತ್ತ ಅಯ್ಯಪ್ಪನ ಎದುರು ಬಂದಾಗ ಸಿಕ್ಕಿದ್ದು ಕಣ್ಣು ಮಿಟುಕಿಸುವಷ್ಟು ಹೊತ್ತು. ಕೈ ಮುಗಿದು ಅವನು ಹೇಳಿದ್ದು ಇಷ್ಟೇ:

“ಹಾಸಿಗೆ ಮೇಲೆ ಮಲಗಿದ್ದು ನಾನು. ಎಂತ ಕೊಡೋದಿದ್ರೂ ನಂಗೆ ಕೊಡು. ಅವಳಿಗೆ ಬ್ಯಾಡ.”