ಏರಿಯ ಬುಡದಲ್ಲಿ ಮೂರು ಡಿಗ್ರಿ

ಆರುನೂರ ಹದಿನೆಂಟನೇ ಮೀಟರಿನಲ್ಲಿ ಮಣ್ಣು ಅಕ್ಕಪಕ್ಕಕ್ಕಿಂತ ಮೂರು ಡಿಗ್ರಿ ಬೆಚ್ಚಗಿತ್ತು. ನಾಲ್ಕು ದಿನಗಳಿಂದ ಹಾಗೇ ಇತ್ತು.

ಅಜ್ಜಂಪುರದ ಕಡೆಯ ಒಂದು ಕೆರೆ ಏರಿಯ ಬುಡದುದ್ದಕ್ಕೂ ಮೊಳದಾಳದಲ್ಲಿ ನಾವು ಗಾಜಿನ ಎಳೆಯ ಕೇಬಲ್ ಹೂತಿದ್ದೆವು. ತೂಬಿನ ಬಳಿಯ ಶೆಡ್ಡಿನಲ್ಲಿರುವ ಯಂತ್ರ ಅದರೊಳಗೆ ಬೆಳಕು ಬಿಡುತ್ತದೆ. ದಾರಿಯುದ್ದಕ್ಕೂ ಅದರಲ್ಲಿ ಒಂದಿಷ್ಟು ಹಿಂದಿರುಗುತ್ತದೆ. ಎಲ್ಲಿ ಮಣ್ಣು ಎಷ್ಟು ಬಿಸಿ, ಎಲ್ಲಿ ಎಳೆ ಎಷ್ಟು ಜಗ್ಗಿದೆ ಎಂಬುದು ಆ ಬೆಳಕಿನಿಂದ ತಿಳಿಯುತ್ತದೆ. ಚಳಿಗಾಲದಲ್ಲಿ ಕೆರೆಯ ನೀರು ಮೇಲ್ಮಣ್ಣಿಗಿಂತ ಬೆಚ್ಚಗಿರುವುದರಿಂದ, ಬೆಚ್ಚಗಿನ ಜಾಗ ಕಂಡರೆ ಸೋರಿಕೆಯ ಗುಮಾನಿ. ಅದೇ ಜಾಗದಲ್ಲಿ ಎಳೆಯೂ ಜಗ್ಗಿತ್ತು, ಅಂದರೆ ಅಡಿಯ ಮಣ್ಣು ಕುಸಿಯುತ್ತಿರಲೂಬಹುದು.

ಕೆರೆಯ ಉಸ್ತುವಾರಿಯ ಸರ್ಕಾರಿ ಎಂಜಿನಿಯರ್ ಫೋನಿನಲ್ಲಿ ಹೇಳಿದರು: "ಸಂಜೆಯೊಳಗೆ ಒಂದು ಮಾತು ಹೇಳ್ಬಿಡಿ ಮೇಡಂ. ಸೋರಿಕೆ ಅಂದ್ರೆ ತೂಬು ಎತ್ತಿಸಿ ಅರ್ಧ ಕೆರೆ ಖಾಲಿ ಮಾಡ್ತೀನಿ."

ಕೆರೆ ಎಷ್ಟೋ ವರ್ಷಗಳ ಮೇಲೆ ತುಂಬಿತ್ತು. ಕೆಳಗಿನ ತೆಂಗಿನ ತೋಟಗಳಿಗೆ ಬೇಸಿಗೆಗೆ ಬೇರೆ ನೀರಿಲ್ಲ. ಸುಮ್ಮನಿದ್ದು ಏರಿ ಒಡೆದರೆ, ಅದೇ ತೋಟಗಳ ನಡುವೆ ಮನೆಗಳಿದ್ದವು. ಎರಡೂ ನನ್ನ ಒಂದು ಮಾತಿನ ಮೇಲೆ ನಿಂತಿದ್ದವು.

ಬೀರೂರಿನ ನನ್ನ ಕೋಣೆಯಿಂದ ಹೊರಟು ರೈಲಿನಲ್ಲಿ ಶಿವನಿ ನಿಲ್ದಾಣಕ್ಕೆ ಬಂದು, ಅಲ್ಲಿಂದ ಆಟೋ ಹಿಡಿದೆ. ಅಂಕಿಗಳು ಲ್ಯಾಪ್‌ಟಾಪಿಗೇ ಬರುತ್ತಿದ್ದುದರಿಂದ ಒಂದು ತಿಂಗಳು ನಾನು ಏರಿಯ ಬುಡದಲ್ಲಿ ನಡೆದಿರಲಿಲ್ಲ. ಅದು ನನ್ನ ತಪ್ಪು.

ಆರುನೂರ ಹದಿನೆಂಟನೇ ಮೀಟರಿನ ಹತ್ತಿರ, ಕೇಬಲ್ಲಿನ ಗುರುತಿಗೆಂದು ನಾವು ನೆಟ್ಟ ಕಲ್ಲಿನ ಪಕ್ಕದಲ್ಲಿ ಎದೆಯೆತ್ತರದ ಗೊಬ್ಬರದ ರಾಶಿಯಿತ್ತು. ಅದರಿಂದ ಹಬೆ ಏಳುತ್ತಿತ್ತು. ಹೊಲದ ಒಡತಿ, ನಮ್ಮ ಅಜ್ಜಿಯ ವಯಸ್ಸಿನವರು, ಬುಟ್ಟಿ ಹಿಡಿದು ನಿಂತಿದ್ದರು. ನಾನು ರಾಶಿಯೊಳಗೆ ಥರ್ಮಾಮೀಟರ್ ಚುಚ್ಚಿದೆ.

"ಗೊಬ್ಬರಕ್ಕೂ ಜ್ವರ ನೋಡ್ತೀಯೇನವ್ವ?"

"ಅಜ್ಜಿ, ಇದನ್ನ ಇಲ್ಲೇ ಯಾಕೆ ಹಾಕಿದ್ರಿ?"

"ಇನ್ನೆಲ್ಲಿ ಹಾಕ್ಲಿ? ನೀವೇ ಬಾಂದು ಕಲ್ಲು ನೆಟ್ಟು ಹೋದ್ರಲ್ಲ. ಇಲ್ಲೀಗಂಟ ನಂದು ಅಂತಾಯ್ತು. ಪಕ್ಕದೋನು ಒತ್ತುವರಿ ಮಾಡೋಕ್ಮುಂಚೆ ತಿಪ್ಪೆಗುಂಡಿ ತೋಡ್ಸಿ ತಂದು ಸುರಿದ್ಬಿಟ್ಟೆ."

"ಯಾವತ್ತು?"

"ಸೋಮವಾರ."

ನಾಲ್ಕು ದಿನ. ಬಿಸಿ ಗೊಬ್ಬರದ್ದು, ಜಗ್ಗಿದ್ದು ಅದರ ಭಾರಕ್ಕೆ ಎಂದು ತಕ್ಷಣ ಅನ್ನಿಸಿತು. ಆದರೆ ಅನ್ನಿಸಿದ್ದನ್ನು ಎಂಜಿನಿಯರಿಗೆ ಹೇಳುವಂತಿರಲಿಲ್ಲ. ರಾಶಿಯ ಒಂದು ಬದಿ ಸರಿಸಿ ಅಗೆಯಬೇಕು ಎಂದೆ. ಅಜ್ಜಿ ಗೊಣಗಿದರು, "ಓದ್ದೋರ ಬುದ್ಧಿ ಕಣವ್ವ, ಹಾಕಿದ್ಮೇಲೆ ತೆಗೀರಿ ಅನ್ನೋದು" ಎಂದರು, ಆಮೇಲೆ ಗುದ್ದಲಿಯನ್ನು ತಾವೇ ತಂದುಕೊಟ್ಟರು.

ಕೇಬಲ್ಲಿನ ಕೆಳಗಿನ ಮಣ್ಣನ್ನು ಮುಷ್ಟಿಯಲ್ಲಿ ಹಿಂಡಿದೆ. ಅಂಟಲಿಲ್ಲ, ಪುಡಿಯಾಗಿ ಉದುರಿತು. ಇನ್ನೂ ಒಂದು ಮೊಳ ಅಗೆದೆ. ಅಲ್ಲಿಯೂ ಒಣ ಮಣ್ಣು, ತಣ್ಣಗಿತ್ತು. ಏರಿಯ ಬುಡವನ್ನು ಆ ತುದಿಯಿಂದ ಈ ತುದಿಗೆ ನಡೆದೆ. ಎಲ್ಲೂ ಜೌಗು ಇರಲಿಲ್ಲ.

ಫೋನ್ ಮಾಡಿ, "ಸೋರಿಕೆ ಇಲ್ಲ. ತೂಬು ಎತ್ತಿಸಬೇಡಿ" ಎಂದೆ. ಅಗೆದ ಮಣ್ಣಿನ ಮೇಲೆಯೇ ಕುಳಿತೆ. ಬೆಳಗಿನಿಂದ ಏನೂ ತಿಂದಿಲ್ಲವೆಂಬುದು ಹೊಟ್ಟೆ ಹಸಿದಾಗಲೇ ನೆನಪಾಯಿತು. ಅಜ್ಜಿ ಮನೆಯಿಂದ ಮುದ್ದೆ, ಅವರೆಕಾಳಿನ ಸಾರು ತಂದರು. ಪೂರ್ತಿ ಉಂಡೆ.

ಮರುದಿನ ಬೆಳಿಗ್ಗೆ ಮೊದಲ ರೈಲಿಗೇ ಹೋಗಿ, ಹಳೇ ಚೂಡಿದಾರ ತೊಟ್ಟು, ತಲೆಗೆ ಟವೆಲ್ ಸುತ್ತಿಕೊಂಡು, ಅಜ್ಜಿಯ ಜೊತೆ ಕೇಬಲ್ಲಿನ ಮೇಲೆ ಉಳಿದಿದ್ದ ಗೊಬ್ಬರವನ್ನು ಹೊಲದ ನಡುವಿಗೆ ಹೊತ್ತೆ.