ಕೇಳದೆ ಬಡಿಸಿದ ಪ್ಯಾಕೇಜು

ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ಉಡುಪಿ ಕಡೆಯಿಂದ ಠಾಣೆ ಶಹರಕ್ಕೆ ಬಂದವನು ನಾನು. ಅಲ್ಲಿನ ನೌಪಾಡಾದಲ್ಲಿ ಭಾವನ ಹೋಟೆಲಿನಲ್ಲಿ ಬಡಿಸುತ್ತಲೇ ಕಂಪ್ಯೂಟರ್ ಕಲಿತೆ. ಘೋಡಬಂದರ್ ರಸ್ತೆಯ ಸಣ್ಣ ಕಂಪನಿಯೊಂದರಲ್ಲಿ ಕೆಲಸವನ್ನೂ ಗಿಟ್ಟಿಸಿದೆ, ಯಾರ ಶಿಫಾರಸೂ ಇಲ್ಲದೆ. ನಮ್ಮವರು ಬರೆದ ಪ್ರೋಗ್ರಾಮು ಒಂದೇ ಕಮಾಂಡಿಗೆ ಗಿರಾಕಿಯ ಮಷೀನಿನಲ್ಲಿ ಕೂರುವಂತೆ ಪ್ಯಾಕೇಜ್ ಕಟ್ಟುವುದು ನನ್ನ ಕೆಲಸ.

ಆ ಸಲ ಕಟ್ಟಬೇಕಿದ್ದದ್ದು ಒಂದು ಅಳೆಯುವ ಸಾಧನ. ಹಲವು ಮಷೀನುಗಳು ಸೇರಿ ಒಂದೇ ಉಗ್ರಾಣವಾಗಿ ಫೈಲು ಇಟ್ಟುಕೊಳ್ಳುತ್ತವಲ್ಲ, ಅದಕ್ಕೆ ಸುಳ್ಳು ಫೈಲುಗಳನ್ನು ತುಂಬಿ, ತೆಗೆದು, ಅದು ಎಷ್ಟು ಚುರುಕೆಂದು ಹೇಳುವಂಥದ್ದು. ಧಾರವಾಡದ ಕಡೆಯ ನಮ್ಮ ಮೇಡಂ ಖಡಾಖಂಡಿತ ಹೇಳಿದ್ದರು: "ಇದೊಂದು ಛಲೋ ಆತಂದ್ರ ನೀವು ಪರ್ಮನೆಂಟು. ಕೆಟ್ಟಿತಂದ್ರ ನಿಮ್ಮ ಭಾವನ ಹೋಟೆಲ್ ಐತಲ್ರೀ."

ಮಹಾಪೆಯಲ್ಲಿ ಗಿರಾಕಿಯ ಆಫೀಸು. ಪರೀಕ್ಷೆಗೆಂದು ಇಟ್ಟಿದ್ದ ಸಣ್ಣ ಉಗ್ರಾಣದ ಪಕ್ಕದ ಮಷೀನಿನಲ್ಲಿ ಮೇಡಂ, ನಾನು ಸೇರಿ ಪ್ಯಾಕೇಜ್ ಹಾಕಿದೆವು. ಒಂದು ತಪ್ಪೂ ಬರಲಿಲ್ಲ. ಎದೆ ಉಬ್ಬಿಸಿಕೊಂಡು ಎಲ್ಲರ ಜತೆ ಚಹಾಕ್ಕೆ ಇಳಿದೆ. ಮೇಲೆ ಬಂದರೆ ಫ್ಯಾನುಗಳು ವಿಮಾನದಂತೆ ಕಿರುಚುತ್ತಿದ್ದವು. ಉಗ್ರಾಣ ಕಂಠಪೂರ್ತಿ ತುಂಬಿತ್ತು. ಗಿರಾಕಿಯ ಒಂದು ಫೈಲಿಗೂ ಜಾಗವಿಲ್ಲ.

"ಯಾರ್ರೀ ಇದನ್ನ ಚಾಲೂ ಮಾಡಿದ್ದು?" ಮೇಡಂ ಕೇಳಿದರು.

"ಅದೇ ಚಾಲೂ ಆಗ್ತದೆ ಮೇಡಂ, ಹಾಗೇ ಕಟ್ಟಿದ್ದೇನೆ. ಗಿರಾಕಿ ಕೂತ ಮೇಲೆ ನೀರು ಇಡ್ಲಾ ಅಂತ ಕೇಳ್ತಾರಾ?"

"ಮತ್ತ ಎಷ್ಟು ತುಂಬಬೇಕಂತ ಲೆಕ್ಕಿಲ್ಲೇನು?"

"ಸಾಕಾದ್ರೆ ಎಲೆಗೆ ಕೈ ಅಡ್ಡ ಹಿಡೀಬೇಕು. ಇವರು ಹಿಡೀಲಿಲ್ಲ."

"ಮಷೀನಿಗೆ ಕೈ ಎಲ್ಲೈತ್ರೀ!"

ಕನ್ನಡ ಬಾರದ ಗಿರಾಕಿ ನಮ್ಮಿಬ್ಬರ ಮುಖ ನೋಡಿ, ನಾನೇನು ಹೇಳುತ್ತಿದ್ದೇನೆಂದು ಮೇಡಂ ಅವರನ್ನು ಕೇಳಿದ. "ಕ್ಯಾ ಬೋಲ್ ರಹಾ ಹೈ?"

"ಏಕ್ ಘಂಟಾ ಮಾಂಗ್ ರಹಾ ಹೈ," ಎಂದು ಮೇಡಂ ನನ್ನ ಹೆಸರಲ್ಲಿ ಒಂದು ಗಂಟೆ ಟೈಮು ಕೇಳಿಬಿಟ್ಟರು.

ಅಲ್ಲೇ ಕೂತು ಸುಳ್ಳು ಫೈಲುಗಳನ್ನೆಲ್ಲ ಬಳಿದು ತೆಗೆದೆ, ಪ್ಯಾಕೇಜನ್ನು ಬಿಚ್ಚಿ ಕಟ್ಟಿದೆ. ಹೇಳದೆ ಅದು ಚಾಲೂ ಆಗಕೂಡದು, ಹೇಳಿದಷ್ಟೇ ತುಂಬಬೇಕು. ಮನಸ್ಸಿಗೆ ಮಾತ್ರ ಕಸಿವಿಸಿ: ಕರೆಯುವವರೆಗೂ ಬಡಿಸುವವನು ಮೂಲೆಯಲ್ಲಿ ನಿಲ್ಲುವುದು ಎಂಥ ಮರ್ಯಾದೆ? ಹೊಸದನ್ನು ಹಾಕಿದಾಗ ಸದ್ದೇ ಇಲ್ಲ. ಗಿರಾಕಿ ಕಾದ, ಪರದೆಯನ್ನು ಬೆರಳಿನಿಂದ ತಟ್ಟಿದ.

"ಚಾಲೂ ಹೀ ನಹೀ ಹುವಾ. ಪಹಲೇವಾಲಾ ಅಚ್ಛಾ ಥಾ."

ಚಾಲೂ ಆಗಲೇ ಇಲ್ಲವಂತೆ, ಮೊದಲಿನದೇ ಚೆನ್ನಾಗಿತ್ತಂತೆ! ಮೇಡಂ ಕಿಟಕಿಯ ಕಡೆ ತಿರುಗಿಕೊಂಡರು, ನಗುವಿಗೆ ಹೆಗಲು ಕುಲುಕುತ್ತಿತ್ತು. ಎಷ್ಟು ಬೇಕೆಂದು ಹೇಳಿ ಎಂದು ಗಿರಾಕಿಗೆ ಹಿಂದಿಯಲ್ಲಿ ವಿನಂತಿಸಿದೆ. ಅವನು ಹೇಳಿದ. ಸಾಧನ ಅಷ್ಟನ್ನೇ ತುಂಬಿತು, ತೆಗೆಯಿತು, ಫಲಿತಾಂಶ ತೋರಿಸಿ ಸುಮ್ಮನಾಯಿತು. ಅವನು ತಲೆದೂಗಿದ.

ವಾಪಸು ಬರುವಾಗ ರಿಕ್ಷಾದಲ್ಲಿ ಮೇಡಂ ಹೇಳಿದರು, "ನಾಳೆ ಎಂಟಕ್ಕ ಬರ್ರಿ. ಪರ್ಮನೆಂಟ್ ಕಾಗದಕ್ಕ ಸಹಿ ಮಾಡೋದೈತಿ."

"ಏಳಕ್ಕೇ ಬರ್ತೇನೆ ಮೇಡಂ."

"ಆಫೀಸಿನ ಬಾಗ್ಲಾ ತೆಗಿಯೋದು ಎಂಟಕ್ಕ್ರೀ!"